ಸರಕು ಎಲ್ಲಿ ಕಾಯುತ್ತದೆ?

(ಉಡುಪಿಯ ಕಾಲೇಜೊಂದರಲ್ಲಿ ಬಿ.ಕಾಂ. ಮಕ್ಕಳಿಗೆ ಮಾಡಿದ ಉಪನ್ಯಾಸ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಉಂಟು.)

ನಮಸ್ಕಾರ. ನನಗೆ ಕೊಟ್ಟ ವಿಷಯ 'ಜಾಗತಿಕ ವ್ಯಾಪಾರದಲ್ಲಿ ಲಾಜಿಸ್ಟಿಕ್ಸ್ ಮತ್ತು ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್'. ಬ್ಯಾನರಿನಲ್ಲಿ ಅದು ಒಂದು ಸಾಲಿಗೆ ಹಿಡಿಯದೆ ಎರಡು ಸಾಲಾಗಿದೆ, ನೋಡಿ. ನಾನು ಮೇಷ್ಟ್ರಲ್ಲ. ಬೇರೆಯವರ ಸರಕಿಗೆ ಕಸ್ಟಮ್ಸ್, ಬಂದರಿನ ಕಾಗದಪತ್ರ ಮಾಡಿಸಿಕೊಡುವ ಮಂಗಳೂರಿನ ಕ್ಲಿಯರಿಂಗ್ ಆಫೀಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ಬೇರೆಯವರ ಗೇರುಬೀಜ, ಬೇರೆಯವರ ಕಾಫಿ, ಬೇರೆಯವರ ಗ್ರಾನೈಟ್. ನನ್ನದು ಅಂತ ಇದ್ದದ್ದು ಕಾಗದ, ಸೀಲು, ಮತ್ತೆ ಕೌಂಟರಿನ ಎದುರು ನಿಲ್ಲುವ ತಾಳ್ಮೆ. ಹಾಗಾಗಿ ವ್ಯಾಖ್ಯೆಗಳನ್ನು ನಿಮ್ಮ ಮೇಷ್ಟ್ರುಗಳೇ ಹೇಳಲಿ. ನಾನು ಒಂದೇ ಪ್ರಶ್ನೆ ಹಿಡಿದುಕೊಂಡು ಬಂದಿದ್ದೇನೆ. ಸರಕು ಎಲ್ಲಿ ಕಾಯುತ್ತದೆ? ಹಾಗೆ ಕಾದದ್ದಕ್ಕೆ ದುಡ್ಡು ಕೊಡುವವರು ಯಾರು?

ಲಾಜಿಸ್ಟಿಕ್ಸ್ ಅಂದರೆ ಓಡಾಟ ಅಂತ ಜನ ತಿಳಿದಿದ್ದಾರೆ. ಲಾರಿ ಓಡುತ್ತದೆ, ರೈಲು ಓಡುತ್ತದೆ, ಹಡಗು ಹೋಗುತ್ತದೆ. ಆದರೆ ಒಂದು ಮೂಟೆ ಕಾಫಿಯ ಪಕ್ಕ ನೀವೇ ಕೂತು ಚಿಕ್ಕಮಗಳೂರಿನಿಂದ ಇಟಲಿಗೆ ಹೋದಿರಿ ಅಂತಿಟ್ಟುಕೊಳ್ಳಿ. ಅದು ಓಡುವುದು ಕಡಿಮೆ, ಕೂರುವುದು ಜಾಸ್ತಿ. ಗೋದಾಮಿನಲ್ಲಿ ಕೂರುತ್ತದೆ. ಲಾರಿ ತೂಗುವ ವೇಬ್ರಿಜ್ ಎದುರು ಕೂರುತ್ತದೆ. ಘಾಟಿಯ ತಲೆಯಲ್ಲಿ, ಪಣಂಬೂರು ಬಂದರಿನ ಯಾರ್ಡಿನಲ್ಲಿ, ಕೊಲಂಬೊದಲ್ಲಿ, ಆಮೇಲೆ ಅಲ್ಲಿಯ ಕಸ್ಟಮ್ಸ್‌ನಲ್ಲಿ. ಕೂತ ಒಂದೊಂದು ದಿನಕ್ಕೂ ಯಾರದ್ದೋ ಜೇಬಿನಿಂದ ದುಡ್ಡು ಹೋಗುತ್ತಿರುತ್ತದೆ.

ಇವತ್ತು ಬೆಳಿಗ್ಗೆ ಬಸ್ಸು ಕಟಪಾಡಿಯಲ್ಲಿ ನಿಂತಾಗ ಒಬ್ಬರು ಬಾಳೆಲೆಯ ಕಟ್ಟು ಹಿಡಿದು ಹತ್ತಿದರು. ಇಡೀ ಬಸ್ಸಿಗೆ ಪರಿಮಳ. ಶಂಕರಪುರ ಮಲ್ಲಿಗೆ. ಅಟ್ಟೆಯ ಲೆಕ್ಕ ನಿಮಗೆಲ್ಲ ಗೊತ್ತಲ್ಲ? 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. 3200 ಹೂ. ಬೆಳಗಾಗುವ ಹೊತ್ತಿಗೆ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಕಟ್ಟೆಗೆ, ಅಂದರೆ ಹೂ ಕೊಳ್ಳುವ ಜಾಗಕ್ಕೆ ಮುಟ್ಟಿಸಬೇಕು. ರೇಟು ಅವತ್ತಿನದ್ದು ಅವತ್ತೇ. ನಿನ್ನೆಯ ರೇಟಿಗೂ ಇವತ್ತಿನದಕ್ಕೂ ನೆಂಟಸ್ತಿಕೆ ಇರಬೇಕು ಅಂತಿಲ್ಲ. ಮದುವೆ, ನೇಮ, ಬ್ರಹ್ಮಕಲಶ ಒಟ್ಟಿಗೆ ಬಂದರೆ ಅಟ್ಟೆ ಸಾವಿರ ದಾಟಿ ಹೋಗುತ್ತದೆ. ಹೂ ಮುಂಬಯಿಗೆ ಹೋಗುತ್ತದೆ, ಬಜಪೆಯಿಂದ ವಿಮಾನ ಹತ್ತಿ ಕೊಲ್ಲಿಗೂ ಹೋಗುತ್ತದೆ.

ಈ ಕಟ್ಟನ್ನು ಬಜಪೆಗೆ ಮುಟ್ಟಿಸುವುದು ಲಾಜಿಸ್ಟಿಕ್ಸ್. ನಾಳೆ ದುಬೈಗೆ ಎಷ್ಟು ಅಟ್ಟೆ ಬೇಕು ಅನ್ನುವ ಸುದ್ದಿ ಇವತ್ತು ಸಂಜೆಯೊಳಗೆ ಗಿಡದ ಬುಡದ ತನಕ ಬರುವುದು ಸಪ್ಲೈ ಚೈನ್. ಹೂ ಆಚೆ ಹೋಗುತ್ತದೆ, ಸುದ್ದಿ ಮತ್ತು ದುಡ್ಡು ಈಚೆ ಬರುತ್ತವೆ. ಇದಕ್ಕಿಂತ ದೊಡ್ಡ ವ್ಯಾಖ್ಯೆ ನನಗೆ ಗೊತ್ತಿಲ್ಲ, ಮೂವತ್ತು ವರ್ಷದಲ್ಲಿ ಬೇಕಾಗಲೂ ಇಲ್ಲ.

ಹೂವಿಗೆ ಕಾಯಲು ಆಗುವುದಿಲ್ಲ. ಆದರೆ ಅದೇ ಕಾಪು ಕಡೆ ಪಾದೂರು ಉಂಟಲ್ಲ, ಅಲ್ಲಿ ನೆಲದಡಿ ಬಂಡೆ ಕೊರೆದು ಮಾಡಿದ ಗುಹೆಗಳಿವೆ. 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುತ್ತದೆ. ಮಂಗಳೂರಿನಲ್ಲಿ ಇನ್ನೊಂದು, 15 ಲಕ್ಷ ಟನ್ನಿನದ್ದು. ಮೂರನೆಯದು ವಿಶಾಖಪಟ್ಟಣದಲ್ಲಿ. ಬಂಡೆಯ ಸುತ್ತಲಿನ ನೀರಿನ ಒತ್ತಡವೇ ಎಣ್ಣೆ ಆಚೆ ಸೋರದ ಹಾಗೆ ತಡೆದು ನಿಲ್ಲಿಸುತ್ತದೆ. ಅಲ್ಲಿ ಎಣ್ಣೆಗೆ ಇರುವ ಕೆಲಸ ಒಂದೇ, ಕಾಯುವುದು. ಎಲ್ಲಾದರೂ ಯುದ್ಧ ಆಗಿ ಹಡಗು ಬರದಿದ್ದರೆ ಅಂತ. ಒಂದು ಕಡೆ ಸಂಜೆಯೊಳಗೆ ಹೋಗದಿದ್ದರೆ ಕಸ ಆಗುವ ಹೂ, ಹತ್ತಿರದಲ್ಲೇ ವರ್ಷಗಟ್ಟಲೆ ಕೂರಲಿ ಅಂತಲೇ ಇಟ್ಟ ಎಣ್ಣೆ. ನಿಮ್ಮ ಸಿಲಬಸ್ಸಿನ ಇನ್ವೆಂಟರಿ, ಅಂದರೆ ದಾಸ್ತಾನಿನ ಪಾಠ ಪೂರ್ತಿ ಈ ಎರಡು ಊರಿನ ನಡುವೆ ಸಿಗುತ್ತದೆ.

ಈಗ ಸ್ವಲ್ಪ ಹಿಂದೆ ಹೋಗುವ. ಜಾಗತಿಕ ವ್ಯಾಪಾರ ಅಂದರೆ ಕಂಪ್ಯೂಟರ್ ಬಂದ ಮೇಲಿನ ಸಂಗತಿ ಅಂತ ನೀವು ತಿಳಿದಿರಬಹುದು. ಹತ್ತಿರ ಹತ್ತಿರ ಒಂಬೈನೂರು ವರ್ಷದ ಹಿಂದೆ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ವ್ಯಾಪಾರಿ ಇದ್ದ. ಈಗಿನ ಟುನೀಶಿಯಾ ಕಡೆಯ ಯಹೂದಿ. 1132ರ ಹೊತ್ತಿಗೆ ಇಲ್ಲಿದ್ದ, 1149ರಲ್ಲಿ ಯೆಮನ್‌ನ ಏಡನ್‌ಗೆ ವಾಪಸ್ ಹೋದ. ಅವನ ಕಾಗದಪತ್ರಗಳು ಕೈರೋದ ಒಂದು ಹಳೇ ಸಿನಗಾಗ್‌ನ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ ಕೋಣೆಯಲ್ಲಿ ಸಿಕ್ಕಿವೆ. ದೇವರ ಹೆಸರು ಇರಬಹುದಾದ ಕಾಗದವನ್ನು ಎಸೆಯಬಾರದು ಅನ್ನುವ ಪದ್ಧತಿ ಅವರಲ್ಲಿ. ಹಾಗಾಗಿ ವ್ಯಾಪಾರದ ಕಾಗದವೂ ಉಳಿಯಿತು. ನಮ್ಮ ಆಫೀಸಿನಲ್ಲಿ ಎಂಟು ವರ್ಷದ ಹಿಂದಿನ ಫೈಲು ಕೇಳಿದರೆ ಗೆದ್ದಲು ತಿಂದಿದೆ ಅನ್ನುತ್ತಾರೆ.

ಇಲ್ಲಿಂದ ಕಾಳುಮೆಣಸು, ಏಲಕ್ಕಿ, ಅಡಿಕೆ ಹೋಗುತ್ತಿತ್ತು. ಅಲ್ಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿತ್ತು. ಅವನದ್ದೊಂದು ಕಂಚಿನ ಕಾರ್ಖಾನೆ ಇತ್ತು. ಏಡನ್‌ನಿಂದ ಒಡೆದ ಹಳೇ ಪಾತ್ರೆ ಬರುವುದು, ಇಲ್ಲಿ ಕರಗಿಸಿ ಹೊಸತು ಮಾಡಿ ವಾಪಸ್ ಕಳಿಸುವುದು. ಈಗ ನಾವು ಇದಕ್ಕೆ ಜಾಬ್ ವರ್ಕ್ ಅನ್ನುತ್ತೇವೆ, ಅಷ್ಟೇ ವ್ಯತ್ಯಾಸ. ಅವನ ಏಜೆಂಟನಾಗಿ ಏಡನ್‌ಗೆ ಹೋಗಿ ಬರುತ್ತಿದ್ದವನ ಹೆಸರನ್ನು ಬೊಮ್ಮ ಅಂತ ಓದುತ್ತಾರೆ. ನಮ್ಮ ಊರಿನವನೇ ಇರಬೇಕು.

ಒಮ್ಮೆ ಏನಾಯಿತು ಅಂದರೆ, ಇಲ್ಲಿಯ ದಲ್ಲಾಳಿಯೊಬ್ಬ ಏಲಕ್ಕಿಗೆ ಅಂತ ಮುಂಗಡ ತೆಗೆದುಕೊಂಡು ಮಾಲು ಕೊಡಲೇ ಇಲ್ಲ. ದುಡ್ಡು ಹಾಕಿದವರು ಏಡನ್‌ನಲ್ಲಿ. ಅವರು ಕಾಗದದ ಮೇಲೆ ಕಾಗದ ಬರೆಯುತ್ತಾರೆ. ಆದರೆ ಹಡಗು ಹೋಗುವುದು ಗಾಳಿ ಇದ್ದಾಗ ಮಾತ್ರ. ಇವತ್ತು ಬರೆದ ಕಾಗದಕ್ಕೆ ಉತ್ತರ ಬರುವುದು ಮುಂದಿನ ಗಾಳಿಗೆ. ಹಡಗು ಮುಳುಗಿದರೆ ಅಂತ ಒಂದೇ ಕಾಗದದ ಇನ್ನೊಂದು ಪ್ರತಿಯನ್ನು ಬೇರೆ ಹಡಗಿನಲ್ಲಿ ಕಳಿಸುವುದೂ ಆ ವ್ಯಾಪಾರಿಗಳಲ್ಲಿ ಇತ್ತು. ಈಗ ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಪಡೆದದ್ದಕ್ಕೆ ಹಡಗಿನವರು ಕೊಡುವ ರಸೀದಿ, ಮೂರು ಮೂಲ ಪ್ರತಿ ಮಾಡುತ್ತಾರಲ್ಲ, ಅದರ ಬೇರು ಈ ಭಯದಲ್ಲೇ ಉಂಟು.

ಗಾಳಿಯ ಈ ಕಟ್ಟುಪಾಡು ಮಂಗಳೂರನ್ನು ಮೊನ್ನೆ ಮೊನ್ನೆವರೆಗೂ ಬಿಟ್ಟಿರಲಿಲ್ಲ. ಬಂದರು ಅಂದರೆ ಆಗ ನೇತ್ರಾವತಿ, ಗುರುಪುರ ನದಿಗಳು ಸೇರುವ ಹಳೆ ಬಂದರು. ದೊಡ್ಡ ಹಡಗು ದಡಕ್ಕೆ ಬರುವಂತಿಲ್ಲ, ಹೊರಗೆ ಸಮುದ್ರದಲ್ಲಿ ಲಂಗರು ಹಾಕಬೇಕು. ಸರಕನ್ನು ಮಂಜಿ ಅನ್ನುವ ಮರದ ಸರಕು ಹಡಗಿನಲ್ಲೋ ದೋಣಿಯಲ್ಲೋ ತುಂಬಿ ಅಲ್ಲಿಗೆ ಮುಟ್ಟಿಸಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ಬಂದರೂ ಬಾಗಿಲು ಹಾಕುತ್ತಿತ್ತು. ಪಣಂಬೂರಿನ ಹೊಸ ಬಂದರು ದೇಶದ ಒಂಬತ್ತನೇ 'ಮೇಜರ್ ಪೋರ್ಟ್' ಅಂತ ಘೋಷಣೆ ಆದದ್ದು 1974ರ ಮೇ 4ರಂದು. ಮರುವರ್ಷ ಜನವರಿ 11ರಂದು ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದರು. ಅಲ್ಲಿಂದ ಮಳೆಗಾಲದಲ್ಲೂ ಹಡಗು. ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿ ಈಗಲೂ ಹೋಗುತ್ತದೆ, ಸಿಮೆಂಟು, ಜಲ್ಲಿ, ತರಕಾರಿ ಹೊತ್ತು. ಅವು ಈಗಲೂ ಮಳೆಗೆ ಹೆದರುತ್ತವೆ. ಒಮ್ಮೆ ಹೋಗಿ ನೋಡಿ, ಟಿಕೆಟ್ ಇಲ್ಲ.

ಪಣಂಬೂರಿನ ಬಗ್ಗೆ ಮಾತಾಡುವಾಗ ಕುದುರೆಮುಖ ಬಿಟ್ಟರೆ ತಪ್ಪಾಗುತ್ತದೆ. ಘಟ್ಟದ ಮೇಲೆ ಅಗೆದ ಕಬ್ಬಿಣದ ಅದಿರನ್ನು ಪುಡಿ ಮಾಡಿ, ನೀರಿಗೆ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಬಂದರಿಗೆ ಹರಿಸುತ್ತಿದ್ದರು. ಲಾರಿ ಇಲ್ಲ, ಡ್ರೈವರ್ ಇಲ್ಲ, ಘಾಟಿಯ ಜಾಮ್ ಇಲ್ಲ. ಬರೀ ಸಾಗಾಟ ಅಂತ ನೋಡಿದರೆ ಅದಕ್ಕಿಂತ ಚಂದದ ಏರ್ಪಾಡನ್ನು ನಾನು ನೋಡಿಲ್ಲ. ಆದರೆ ಕಾಡು, ನದಿ ಅಂತಲೂ ಲೆಕ್ಕ ಇರುತ್ತದಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು.

ಇನ್ನು ಪೆಟ್ಟಿಗೆಯ ಕತೆ. ಕಂಟೈನರ್ ಅಂದರೆ ಒಂದು ಕಬ್ಬಿಣದ ಪೆಟ್ಟಿಗೆ, ಅದರಲ್ಲಿ ಎಂತ ವಿಶೇಷ ಅಂತ ಕೇಳಬಹುದು. ಮೊದಲು ಹಡಗಿಗೆ ಮೂಟೆ, ಪೀಪಾಯಿ, ಮರದ ಡಬ್ಬಿ ಎಲ್ಲ ಒಂದೊಂದಾಗಿ ಹತ್ತಿಸಬೇಕಿತ್ತು. ಹಡಗು ಸಮುದ್ರದಲ್ಲಿ ಹೋಗುವಷ್ಟೇ ದಿನ ಬಂದರಿನಲ್ಲಿ ಸುಮ್ನೆ ನಿಂತಿರುತ್ತಿತ್ತು. ಅಮೆರಿಕದಲ್ಲಿ ಮಾಲ್ಕಂ ಮೆಕ್ಲೀನ್ ಅಂತ ಒಬ್ಬ ಲಾರಿ ಮಾಲೀಕ. ಮೂಟೆ ಇಳಿಸಿ ಹತ್ತಿಸುವುದು ಯಾಕೆ, ಲಾರಿಯ ಡಬ್ಬಿಯನ್ನೇ ಹಡಗಿಗೆ ಇಟ್ಟರೆ ಆಗುವುದಿಲ್ವಾ ಅಂತ ಯೋಚಿಸಿದ. 1956ರ ಏಪ್ರಿಲ್ 26ರಂದು ಐಡಿಯಲ್ ಎಕ್ಸ್ ಅನ್ನುವ ಹಡಗು 58 ಡಬ್ಬಿ ಹೊತ್ತು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೋಯಿತು. ಹಳೇ ಎಣ್ಣೆ ಹಡಗು, ಮೇಲೆ ಡೆಕ್ ಕಟ್ಟಿಸಿದ್ದು. ಒಂದು ಟನ್ ಹತ್ತಿಸಲು ಹತ್ತಿರ ಹತ್ತಿರ ಆರು ಡಾಲರ್ ಆಗುತ್ತಿದ್ದದ್ದು ಆ ಲೆಕ್ಕದಲ್ಲಿ 16 ಸೆಂಟಿಗೆ ಇಳಿಯಿತು. ಲೋಕದ ವ್ಯಾಪಾರ ಬದಲಾದದ್ದು ಹೆಚ್ಚು ಜೋರಾದ ಹಡಗಿನಿಂದ ಅಲ್ಲ, ನಿಂತಲ್ಲಿ ಕಡಿಮೆ ಹೊತ್ತು ನಿಲ್ಲುವ ಹಡಗಿನಿಂದ.

ಆ ಪೆಟ್ಟಿಗೆಯನ್ನು ಹತ್ತಿರದಿಂದ ತೋರಿಸುತ್ತೇನೆ. ಕಾಫಿ ತುಂಬುವ ದಿನ ಅಂತಿಟ್ಟುಕೊಳ್ಳಿ. ಖಾಲಿ ಕಂಟೈನರ್ ಗೋದಾಮಿಗೆ ಬರುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಹಿರಿಯ ಮೇಸ್ತ್ರಿಯೊಬ್ಬರು, "ಒಳಗೆ ಹೋಗು ಮಾರಾಯ" ಅಂದರು. ಹೋದೆ. ಹೊರಗಿನಿಂದ ಬಾಗಿಲು ಹಾಕಿಯೇ ಬಿಟ್ಟರು! ಏಪ್ರಿಲ್ ತಿಂಗಳು, ಒಳಗೆ ಒಲೆಯ ಹಾಗೆ ಕಾದಿತ್ತು. ಬೊಬ್ಬೆ ಹೊಡೆದೆ. ಅವರು ಹೊರಗಿನಿಂದಲೇ, "ಕಣ್ಣು ಬಿಟ್ಟು ಮೇಲೆ ನೋಡು, ಬೆಳಕು ಎಲ್ಲಿಂದ ಬರ್ತದೆ ಹೇಳು" ಅಂದರು. ತಗಡಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಕತ್ತಲಲ್ಲಿ ನಕ್ಷತ್ರದ ಹಾಗೆ ಕಾಣುತ್ತದೆ. ಅವತ್ತು ಎರಡು ಕಂಡವು, ಪೆಟ್ಟಿಗೆ ವಾಪಸ್ ಹೋಯಿತು. ಆಮೇಲೆ ಮೂಗಿನ ಪರೀಕ್ಷೆ. ಹಿಂದಿನ ಸಲ ಅದರಲ್ಲಿ ಮೀನಿನ ಹುಡಿ ಹೋಗಿದ್ದರೆ ಕಾಫಿಗೆ ಆ ವಾಸನೆ ಹಿಡಿಯುತ್ತದೆ. ಕಾಫಿ ಬೀಜಕ್ಕೆ ಪಕ್ಕದ ಮನೆಯವರ ಸುದ್ದಿ ಬೇಗ ಅಂಟುತ್ತದೆ. ಗೋಡೆಗೆ ಕಾಗದ ಹೊದಿಸಿ, ತೇವ ಹೀರುವ ಚೀಲ ನೇತುಹಾಕಿ, 60 ಕಿಲೋದ 320 ಮೂಟೆ ತುಂಬಬೇಕು. 20 ಅಡಿಯ ಪೆಟ್ಟಿಗೆಯಲ್ಲಿ 19,200 ಕಿಲೋ. ಬಾಗಿಲು, ಸೀಲು, ಸೀಲಿನ ನಂಬರು ಬರೆದುಕೊಳ್ಳುವುದು. ಆ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಮುಂದೆ ಏಳು ಜನರಿಗೆ ನಿದ್ದೆ ಇಲ್ಲ.

ಸೀಲು ಬಿದ್ದ ಪೆಟ್ಟಿಗೆ ಪಣಂಬೂರಿಗೆ ಬರಬೇಕಾದರೆ ಘಟ್ಟ ಇಳಿಯಬೇಕು. ಶಿರಾಡಿ, ಇಲ್ಲವಾದರೆ ಸಂಪಾಜೆ. ಚಾರ್ಮಾಡಿಯ ತಿರುವಿನಲ್ಲಿ ಈ ಉದ್ದದ ಲಾರಿ ತಿರುಗುವುದಿಲ್ಲ. 2018ರ ಆಗಸ್ಟ್ ನಿಮಗೆ ನೆನಪಿರಬಹುದು, ನೀವೆಲ್ಲ ಆಗ ಹೈಸ್ಕೂಲೋ ಏನೋ. ಗುಡ್ಡ ಜರಿದು ಶಿರಾಡಿಯೂ ಬಂದ್, ಸಂಪಾಜೆಯೂ ಬಂದ್. ನಮ್ಮ ಒಬ್ಬ ಗಿರಾಕಿಯ ಲಾರಿ ಸಕಲೇಶಪುರದಲ್ಲಿ ನಿಂತುಬಿಟ್ಟಿತು. ಹಡಗಿಗೆ ಕಟ್‌ಆಫ್ ಅಂತ ಒಂದು ಗಂಟೆ ಇರುತ್ತದೆ, ಅದರೊಳಗೆ ಪೆಟ್ಟಿಗೆ ಯಾರ್ಡಿಗೆ ಬರಬೇಕು. ಡ್ರೈವರ್ ಫೋನ್ ಮಾಡಿ, "ಅಣ್ಣ, ಇಲ್ಲಿ ಚಾ ಒಳ್ಳೇದುಂಟು, ರಸ್ತೆ ಇಲ್ಲ" ಅಂದ. ಹಡಗು ಹೋಯಿತು. ಕಾಫಿ ಅಲ್ಲೇ ಉಳಿಯಿತು. ಇಟಲಿಯವನಿಗೆ ಗುಡ್ಡ ಜರಿಯುವುದು ಅಂದರೆ ಏನು ಅಂತ ಇಮೇಲಿನಲ್ಲಿ ತಿಳಿಸಲು ಒಂದು ದಿನ ಹಿಡಿಯಿತು. ಕಡೆಗೆ ಫೋಟೋ ಕಳಿಸಿದೆವು. ಬಂದರು ಎಷ್ಟೇ ಆಳ ಮಾಡಿ, ಕ್ರೇನು ಎಷ್ಟೇ ದೊಡ್ಡದು ತನ್ನಿ, ಮಂಗಳೂರಿನ ವ್ಯಾಪಾರದ ಕುತ್ತಿಗೆ ಇರುವುದು ಶಿರಾಡಿಯ ಬುಡದ ಗುಂಡ್ಯದ ಆಚೆ ಅಂತ ನನ್ನ ಅಭಿಪ್ರಾಯ. ಬಂದರಿನವರು ಒಪ್ಪಲಿಕ್ಕಿಲ್ಲ.

ಪಣಂಬೂರಿನಿಂದ ಪೆಟ್ಟಿಗೆ ನೇರ ಯುರೋಪಿಗೆ ಹೋಗುತ್ತದೆ ಅಂತ ಅಂದುಕೊಳ್ಳಬೇಡಿ. ಸಣ್ಣ ಹಡಗು, ಫೀಡರ್ ಅನ್ನುತ್ತಾರೆ, ಕೊಲಂಬೊಗೋ ಬೇರೆ ದೊಡ್ಡ ಬಂದರಿಗೋ ಒಯ್ಯುತ್ತದೆ. ಅಲ್ಲಿ ದೊಡ್ಡ ಹಡಗಿಗೆ ಕಾಯಬೇಕು. ನಾವು ಕುಂದಾಪುರದ ಹಳ್ಳಿಯಿಂದ ಸರ್ವೀಸ್ ಬಸ್ಸಿನಲ್ಲಿ ಉಡುಪಿಗೆ ಬಂದು ಬೊಂಬಾಯಿ ಬಸ್ಸು ಕಾಯುವ ಹಾಗೆ. ಕೇರಳದ ವಿಳಿಂಜಂ ಬಂದರು 2025ರ ಮೇಯಲ್ಲಿ ಲೋಕಾರ್ಪಣೆ ಆಗಿದೆ, ದೊಡ್ಡ ಹಡಗು ಅಲ್ಲಿಗೇ ಬರುತ್ತದೆ. ಮುಂದೆ ನಮ್ಮ ಪೆಟ್ಟಿಗೆಗಳೂ ಅಲ್ಲೇ ಬಸ್ಸು ಬದಲಿಸಬಹುದು.

ಆ ದೊಡ್ಡ ಹಡಗು ಎಷ್ಟು ದೊಡ್ಡದು? 2021ರ ಮಾರ್ಚ್ 23ರಂದು ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಹಾಕಿಕೊಂಡ ಎವರ್ ಗಿವನ್ ನೆನಪಿದೆಯಲ್ಲ? 400 ಮೀಟರ್ ಉದ್ದ. 20 ಅಡಿಯ ಪೆಟ್ಟಿಗೆ 20,000 ಹಿಡಿಯುವ ಹಡಗು. ಮಾಲೀಕರು ಜಪಾನಿನವರು, ನಡೆಸುವವರು ತೈವಾನಿನವರು, ಬಾವುಟ ಪನಾಮಾದ್ದು, ಸಿಬ್ಬಂದಿ 25 ಜನವೂ ಭಾರತೀಯರು. ಕೆಸರು ತೋಡಿ, ಟಗ್‌ಗಳಲ್ಲಿ ಎಳೆದು, ಹುಣ್ಣಿಮೆಯ ಉಬ್ಬರಕ್ಕೆ ಕಾದು, 29ಕ್ಕೆ ಬಿಡಿಸಿದರು. ಸಮುದ್ರದ ಭರತ-ಇಳಿತ ಮಲ್ಪೆಯ ಬೆಸ್ತರಿಗೆ ಹೇಗೋ ಇಪ್ಪತ್ತು ಸಾವಿರ ಪೆಟ್ಟಿಗೆಯ ಹಡಗಿಗೂ ಹಾಗೇ.

ಅದರಲ್ಲಿ ಜನ ಗಮನಿಸದ ಒಂದು ಸಂಗತಿ ಉಂಟು. ಹಡಗು ಬಿಡಿಸಿದ ಖರ್ಚು ಯಾರದ್ದು? ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ತುಂಬ ಹಳೇ ಕಡಲ ಕಾನೂನು. ಹಡಗನ್ನೂ ಸರಕನ್ನೂ ಉಳಿಸಲು ಮಾಡಿದ ವಿಶೇಷ ಖರ್ಚನ್ನು ಹಡಗಿನವರೂ ಸರಕು ಇಟ್ಟವರೆಲ್ಲರೂ ಹಡಗಿನ, ಅವರವರ ಮಾಲಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು. ನಿಮ್ಮ ಪೆಟ್ಟಿಗೆಯಲ್ಲಿ ಇದ್ದದ್ದು ಬರೀ ಪ್ಲಾಸ್ಟಿಕ್ ಚಮಚ, ತಪ್ಪು ನಿಮ್ಮದೇನೂ ಇಲ್ಲ. ಆದರೂ ನಿಮ್ಮ ಪಾಲು ಬರುತ್ತದೆ. ಇನ್ಶೂರೆನ್ಸ್ ಮಾಡಿಸದೆ ಸರಕು ಕಳಿಸುವವರಿಗೆ ನಾನು ಈ ಒಂದು ಕತೆ ಹೇಳಿಯೇ ಪಾಲಿಸಿ ಮಾಡಿಸುತ್ತಿದ್ದೆ.

2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಯೆಮನ್‌ನ ಹೂಥಿ ಬಂಡುಕೋರರ ದಾಳಿ ಶುರುವಾಯಿತು. ದೊಡ್ಡ ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಗಲು ಹೊರಟವು. ಹತ್ತು ಹದಿನಾಲ್ಕು ದಿನ ಜಾಸ್ತಿ. ಗುಡ್ ಹೋಪ್ ಭೂಶಿರ ಸುತ್ತುವುದು ಅಂದರೆ ವಾಸ್ಕೋ ಡ ಗಾಮನ ದಾರಿ, ಅಲ್ವಾ? ಇಲ್ಲಿಗೆ ನನಗೆ ಅತ್ಯಂತ ಇಷ್ಟದ ಕತೆ ಬಂತು. ಅದು ನಮ್ಮ ಮಂಗಳೂರಿನದ್ದೇ.

ಹಾಯಿ ಹಡಗಿನ ಕಾಲದಲ್ಲಿ ನಮ್ಮ ಕಾಫಿ ಯುರೋಪಿಗೆ ಹೋಗಲು ಆ ದಾರಿಯಲ್ಲಿ ಆರು ತಿಂಗಳವರೆಗೂ ಹಿಡಿಯುತ್ತಿತ್ತು. ಹಡಗಿನ ಹೊಟ್ಟೆಯಲ್ಲಿ ತೇವ, ಉಪ್ಪುಗಾಳಿ. ಹಸಿರು ಬೀಜ ತೇವ ಕುಡಿದು ಉಬ್ಬಿ, ಬಣ್ಣ ಬಿಟ್ಟು ಒಣಹುಲ್ಲಿನ ಬಣ್ಣಕ್ಕೆ ಬರುತ್ತಿತ್ತು. ಹುಳಿ ಕಡಿಮೆಯಾಗಿ ರುಚಿಯೇ ಬದಲಾಗುತ್ತಿತ್ತು. ನಾವಾದರೆ ಮಾಲು ಹಾಳಾಯಿತು ಅಂತ ಕ್ಲೇಮ್ ಹಾಕುತ್ತಿದ್ದೆವು. ಅವರಿಗೆ ಆ ರುಚಿಯೇ ಅಭ್ಯಾಸವಾಯಿತು. ಕಾಫಿ ಅಂದರೆ ಹೀಗೇ ಇರಬೇಕು ಅಂತ. ಆಮೇಲೆ ಉಗಿಹಡಗು ಬಂತು. 1869ರಲ್ಲಿ ಸೂಯೆಜ್ ತೆರೆಯಿತು. ಕಾಫಿ ಬೇಗ ಹೋಗಿ ಮುಟ್ಟಿತು, ಹಸಿರಾಗಿ, ಗಟ್ಟಿಯಾಗಿ, ಬೆಳೆದಾಗ ಹೇಗಿತ್ತೋ ಹಾಗೆ. ಅಲ್ಲಿಯ ಗಿರಾಕಿಗಳು, ಇದು ನಮ್ಮ ಕಾಫಿ ಅಲ್ಲ ಅಂದರು!

ಏನು ಮಾಡುವುದು? ನಿಧಾನವಾಗಿ ಹೋಗುವ ಹಡಗು ಹುಡುಕುವ ಹಾಗಿಲ್ಲ. ಆಗ ಕರಾವಳಿಯವರು ಆರು ತಿಂಗಳ ಸಮುದ್ರವನ್ನು ಗೋದಾಮಿನೊಳಗೇ ಮಾಡಿಕೊಂಡರು. ಈಗಲೂ ಮಂಗಳೂರಿನ ಗೋದಾಮುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಇದು ನಡೆಯುತ್ತದೆ. ಗಾಳಿಯಾಡುವ ಗೋದಾಮಿನ ನೆಲದಲ್ಲಿ ಬೀಜವನ್ನು ಗೇಣಿಗಿಂತ ಕಡಿಮೆ ದಪ್ಪಕ್ಕೆ ಹರಡುತ್ತಾರೆ. ಅರಬ್ಬೀ ಸಮುದ್ರದ ಮಳೆಗಾಳಿ ಒಳಗೆ ಬರಬೇಕು, ಮಳೆಹನಿ ಬರಬಾರದು. ಆಗಾಗ ಎಳೆದು ಮಗುಚುತ್ತಾರೆ. ಆಮೇಲೆ ಗೋಣಿಚೀಲಕ್ಕೆ ಸಡಿಲವಾಗಿ ತುಂಬಿ, ನಡುವೆ ಗಾಳಿಗೆ ದಾರಿ ಬಿಟ್ಟು ಸಾಲಾಗಿ ಇಡುತ್ತಾರೆ. ಸ್ವಲ್ಪ ದಿನಕ್ಕೊಮ್ಮೆ ಸುರಿದು ಮತ್ತೆ ತುಂಬುತ್ತಾರೆ. ಮೂರು ನಾಲ್ಕು ತಿಂಗಳಿಗೆ ಬೀಜ ಉಬ್ಬಿ ಹೊಂಬಣ್ಣಕ್ಕೆ ಬರುತ್ತದೆ. ಇದೇ ಮಾನ್ಸೂನ್ಡ್ ಮಲಬಾರ್. ಇದಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಉಂಟು.

ಜುಲೈಯಲ್ಲಿ ಅಂಥ ಒಂದು ಗೋದಾಮಿಗೆ ಹೋಗಿದ್ದೆ. ನಮ್ಮ ಮನೆಯಲ್ಲಿ ಆ ಸಮಯಕ್ಕೆ ಹಪ್ಪಳ ಮೆತ್ತಗಾಗಿರುತ್ತದೆ, ಚಪ್ಪಲಿಗೆ ಬೂಸ್ಟು ಬಂದಿರುತ್ತದೆ, ಉಪ್ಪಿನ ಭರಣಿ ಬೆವರುತ್ತದೆ. ಅದೇ ಗಾಳಿಗೆ ಇಲ್ಲಿ ಬಾಗಿಲು ತೆರೆದು ಸ್ವಾಗತ. ಒಬ್ಬ ಅಕ್ಕ ಒಂದು ಹಿಡಿ ಬೀಜ ತೆಗೆದು ನನ್ನ ಕೈಗೆ ಸುರಿದರು. ಹಗುರ. ನೆನೆಸಿ ಒಣಗಿಸಿದ ಕಡಲೆಕಾಯಿಯ ಹಾಗೆ. ವಾಸನೆ ಕಾಫಿಯದ್ದಲ್ಲ, ಮಳೆ ಬಿದ್ದ ಗೋಣಿಯದ್ದು. "ಆಯ್ತಾ ಅಕ್ಕ?" ಅಂದೆ. "ಇನ್ನೂ ಎಂತ ಆಗುವುದು, ಸೋಣ ತಿಂಗಳು ಬರಲಿ" ಅಂದರು. ಲೋಕದಲ್ಲಿ ಎಲ್ಲರೂ ಸರಕು ಬೇಗ ಹೋಗಲಿ ಅಂತ ಒದ್ದಾಡುವಾಗ, ಕಾಯುವುದನ್ನೇ ಮಾರುವ ಜಾಗ ನಾನು ನೋಡಿದ್ದು ಇದೊಂದೇ. ಈಗ ಹಡಗುಗಳು ಮತ್ತೆ ಆಫ್ರಿಕಾ ಸುತ್ತಿ ಹೋದವಲ್ಲ, ಹಾಗಾದರೆ ಕಾಫಿ ತಾನಾಗಿ ಮಾನ್ಸೂನ್ಡ್ ಆಗುತ್ತದಾ ಅಂತ ಒಬ್ಬರು ಕೇಳಿದ್ದರು. ಇಲ್ಲ. ಪೆಟ್ಟಿಗೆಯ ಬಾಗಿಲು ಸೀಲಾಗಿದೆ. ಒಳಗೆ ತೇವ ಸೇರಿದರೆ ಬೂಸ್ಟೇ ಗತಿ.

ಗೇರುಬೀಜದಲ್ಲಿ ಕಾಯುವುದು ಬೇರೆ ಥರ. ನಮ್ಮ ಕಾರ್ಖಾನೆಗಳಿಗೆ ಊರಿನ ಬೀಜ ಸಾಲದು. ಐವರಿ ಕೋಸ್ಟ್, ಬೆನಿನ್, ಘಾನಾ, ತಾಂಜಾನಿಯಾದಿಂದ ಬರಬೇಕು. ಪಶ್ಚಿಮ ಆಫ್ರಿಕಾದ ಬೆಳೆಯೂ ನಮ್ಮದರ ಹಾಗೆ ಬೇಸಿಗೆಯದ್ದು, ತಾಂಜಾನಿಯಾದ್ದು ವರ್ಷದ ಕೊನೆಗೆ. ಕಾರ್ಖಾನೆ ಮಾತ್ರ ವರ್ಷಪೂರ್ತಿ ನಡೆಯಬೇಕು. ಅಂದರೆ ಕೆಲವೇ ತಿಂಗಳಲ್ಲಿ ಕೊಂಡು ಗೋದಾಮು ತುಂಬಬೇಕು, ಬ್ಯಾಂಕಿನ ಬಡ್ಡಿ ಅಲ್ಲಿಂದಲೇ ಓಡಲು ಶುರು. ಕೊಳ್ಳುವಾಗ ಔಟ್‌ಟರ್ನ್ ಅಂತ ನೋಡುತ್ತಾರೆ. 80 ಕಿಲೋದ ಒಂದು ಚೀಲಕ್ಕೆ ಎಷ್ಟು ಪೌಂಡ್ ತಿರುಳು ಬರುತ್ತದೆ ಅಂತ. 48 ಬಂದರೆ ಒಳ್ಳೆಯದು. ಸ್ವಲ್ಪ ಬೀಜ ಕತ್ತರಿಸಿ, ಎಣಿಸಿ, ತೂಗಿ ಹೇಳುತ್ತಾರೆ. ಆಫ್ರಿಕಾದಲ್ಲಿ ಕತ್ತರಿಸಿದಾಗ 48 ಇದ್ದದ್ದು, ಪೆಟ್ಟಿಗೆ ದಾರಿಯಲ್ಲಿ ಒಂದು ತಿಂಗಳು ಜಾಸ್ತಿ ಕೂತು ಬಂದರೆ ಇಲ್ಲಿ ಕತ್ತರಿಸುವಾಗ 45 ಆಗಿರುತ್ತದೆ. ಒಳಗೆ ಬೂಸ್ಟು. ಜಗಳ ಅಲ್ಲಿಂದ ಶುರು. ಗೇರುಬೀಜದಲ್ಲಿ ದುಡ್ಡು ಮಾಡುವುದು ಸುಲಿಯುವುದರಲ್ಲಿ ಅಲ್ಲ, ಕೊಳ್ಳುವುದರಲ್ಲಿ. ಸುಲಿದದ್ದಕ್ಕೆ ಡಬ್ಲ್ಯು 180, 240, 320 ಅಂತ ಹೆಸರು. ಒಂದು ಪೌಂಡಿಗೆ ಅಷ್ಟು ಇಡೀ ತಿರುಳು ಅಂತ ಅರ್ಥ. ನಂಬರು ಸಣ್ಣದಾದರೆ ಬೀಜ ದೊಡ್ಡದು. ಮದುವೆಮನೆಯ ಪಾಯಸದಲ್ಲಿ 180 ಸಿಕ್ಕಿದರೆ ಮನೆಯವರು ಗಟ್ಟಿ ಕುಳ ಅಂತ ತಿಳಿಯಿರಿ.

ಕಾಗದವೂ ಕಾಯಿಸುತ್ತದೆ. ಇದು ನನ್ನದೇ ಪೆಟ್ಟು. 2014ರ ನವೆಂಬರ್ 1ಕ್ಕೆ ಮ್ಯಾಂಗಲೋರ್ ಹೋಗಿ ಅಧಿಕೃತವಾಗಿ ಮಂಗಳೂರು ಆಯಿತಲ್ಲ? ಸಂತೋಷದ ವಿಷಯವೇ. ಅದಾಗಿ ಕೆಲವು ತಿಂಗಳಿಗೆ ಒಂದು ಗೇರುಬೀಜದ ಕಂಟೈನರ್ ಯುರೋಪಿಗೆ ಕಳಿಸಿದೆವು. 50 ಪೌಂಡಿನ 700 ರಟ್ಟಿನ ಪೆಟ್ಟಿಗೆ. ಕಾಗದ ಸರಿ ಇದ್ದರೆ ದುಡ್ಡು ಕೊಡುತ್ತೇವೆ ಅಂತ ಕೊಳ್ಳುವವನ ಬ್ಯಾಂಕು ಬರೆದುಕೊಡುವ ಎಲ್‌ಸಿಯಲ್ಲಿ (ಲೆಟರ್ ಆಫ್ ಕ್ರೆಡಿಟ್) ಹಡಗು ಹೊರಡುವ ಬಂದರು 'ಮಂಗಳೂರು' ಅಂತ ಹೊಸ ಸ್ಪೆಲ್ಲಿಂಗಿನಲ್ಲಿ ಇತ್ತು. ಶಿಪ್ಪಿಂಗ್ ಲೈನಿನ ಬಿಲ್ ಆಫ್ ಲೇಡಿಂಗ್‌ನಲ್ಲಿ ಅಭ್ಯಾಸದಂತೆ 'ನ್ಯೂ ಮ್ಯಾಂಗಲೋರ್' ಅಂತ ಬಂತು. ನಾನು ನೋಡಿದೆ, ಊರು ಒಂದೇ ಅಲ್ವಾ ಅಂತ ಬಿಟ್ಟೆ. ಬ್ಯಾಂಕು ಬಿಡಲಿಲ್ಲ. ಬ್ಯಾಂಕು ನೋಡುವುದು ಕಾಗದವನ್ನು, ಸರಕನ್ನಲ್ಲ. ನಿಯಮವೇ ಹಾಗೆ. ಕೊಳ್ಳುವವನು ಒಪ್ಪಿದರೆ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಮಾರ್ಕೆಟ್ ಇಳಿದಿತ್ತು. ಅವನು ನಿಧಾನವಾಗಿ, ರೇಟು ಸ್ವಲ್ಪ ಕಡಿಮೆ ಮಾಡಿದರೆ ಒಪ್ಪಬಹುದು ಅಂತ ಬರೆದ. ಹನ್ನೊಂದು ದಿನ ಪೆಟ್ಟಿಗೆ ಅಲ್ಲಿಯ ಬಂದರಿನಲ್ಲಿ ಕೂತಿತು. ಪುಕ್ಕಟೆ ದಿನ ಮುಗಿದ ಮೇಲೆ ದಿನಕ್ಕಿಷ್ಟು ಅಂತ ಡೆಮರೇಜ್. ಅದರಲ್ಲಿ ಒಂದು ಪಾಲು ನಮ್ಮ ಆಫೀಸು ಕೊಟ್ಟಿತು, ನನ್ನ ಆ ವರ್ಷದ ಬೋನಸ್ಸು ಅದರಲ್ಲೇ ಹೋಯಿತು. ಊರಿನ ಹೆಸರಿನ ಬಗ್ಗೆ ಯಾರು ಭಾಷಣ ಮಾಡಿದರೂ ನನಗೆ ಮೊದಲು ನೆನಪಾಗುವುದು ಆ ಹನ್ನೊಂದು ದಿನ.

ಕೋವಿಡ್ ಸಮಯದ್ದು ಬೇಗ ಹೇಳಿ ಮುಗಿಸುತ್ತೇನೆ, ಕೂತು ನಿಮಗೂ ಸಾಕಾಗಿದೆ. 2021ರಲ್ಲಿ ನಮ್ಮಲ್ಲಿ ಸರಕು ಇತ್ತು, ಆರ್ಡರ್ ಇತ್ತು, ಖಾಲಿ ಪೆಟ್ಟಿಗೆ ಇರಲಿಲ್ಲ. ಅವು ಅಮೆರಿಕದ ಬಂದರುಗಳಲ್ಲಿ ರಾಶಿ ಬಿದ್ದಿದ್ದವು. ಬಾಡಿಗೆ ಹಲವು ಪಟ್ಟು ಏರಿತು. ಎಲ್ಲರಿಗೂ ಹೆದರಿಕೆ. ಅಂಗಡಿಯವನು ಹತ್ತು ಬೇಕಾದಲ್ಲಿ ಹದಿನೈದು ಕೇಳುತ್ತಾನೆ, ಅವನಿಗೆ ಕೊಡುವವನು ಮೂವತ್ತು ಕೇಳುತ್ತಾನೆ, ಕಾರ್ಖಾನೆಯವನು ನೂರು ಮಾಡಿ ಕೂರುತ್ತಾನೆ. ಇದಕ್ಕೆ ಬುಲ್‌ವಿಪ್ ಅನ್ನುತ್ತಾರೆ. ಚಾಟಿಯ ಹಿಡಿಯಲ್ಲಿ ಕೈ ಸ್ವಲ್ಪ ಅಲ್ಲಾಡಿದರೂ ತುದಿ ಜೋರಾಗಿ ಹೊಡೆಯುತ್ತದೆ. ಟೊಯೊಟಾದವರು ಸ್ಟಾಕ್ ಇಡದೆ ಬೇಕಾದಾಗ ಬೇಕಾದಷ್ಟೇ ತರಿಸುವುದನ್ನು ಲೋಕಕ್ಕೆ ಕಲಿಸಿದವರು. ಅವರೇ 2011ರ ಸುನಾಮಿಯಲ್ಲಿ ಪೆಟ್ಟು ತಿಂದ ಮೇಲೆ ಚಿಪ್‌ಗಳನ್ನು ತಿಂಗಳುಗಟ್ಟಲೆಗೆ ಆಗುವಷ್ಟು ಇಡಿಸಿಕೊಂಡರು. ಹಾಗಾಗಿ ಚಿಪ್‌ಗೆ ಬರ ಬಂದ ಮೊದಲ ತಿಂಗಳುಗಳಲ್ಲಿ ಬೇರೆಯವರಷ್ಟು ಒದ್ದಾಡಲಿಲ್ಲ. ಹೂವಿನ ಮನೆಯವರೂ ಸ್ವಲ್ಪ ಪಾದೂರಿನ ಬುದ್ಧಿ ಕಲಿತರು ಅನ್ನಬಹುದು.

ಕೊನೆಗೆ ಪ್ರಶ್ನೆ ಕೇಳಿ ಅಂದೆ. ಹಿಂದಿನ ಸಾಲಿನ ಹುಡುಗ, "ಎಐ ಬಂದರೆ ನಿಮ್ಮ ಕೆಲಸ ಹೋಗುವುದಿಲ್ವಾ ಸರ್?" ಅಂದ. ಟೈಪ್ ಮಾಡುವ ಕೆಲಸ ಆಗಲೇ ಹೋಗಿದೆ, ರಫ್ತಿಗೆ ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್ ಈಗ ಆನ್‌ಲೈನ್. ಗುಡ್ಡ ಜರಿದಾಗ ಡ್ರೈವರಿಗೆ ಊಟ ಎಲ್ಲಿ ಸಿಗುತ್ತದೆ ಅಂತ ಹೇಳುವವನು ಸ್ವಲ್ಪ ಕಾಲ ಬೇಕಾಗುತ್ತಾನೆ ಅಂದೆ. ಇನ್ನೊಬ್ಬನಿಗೆ ಸಂಬಳ ಎಷ್ಟು ಅಂತ ಬೇಕಿತ್ತು. ಮೊದಲಿಗೆ ಜಾಸ್ತಿ ಇಲ್ಲ, ಕಸ್ಟಮ್ಸ್ ಬ್ರೋಕರ್ ಪರೀಕ್ಷೆ ಪಾಸಾದರೆ ಮಾತು ಬೇರೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ.

ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದಳು. ಅವಳ ಅಮ್ಮ ಮನೆಯಲ್ಲಿ ಮಲ್ಲಿಗೆ ಕಟ್ಟುತ್ತಾರಂತೆ. ನಾನೇ ಅವಳನ್ನು ಕೇಳಿದೆ. "ವಿಮಾನ ತಡವಾಗಿ ಹೂ ಬಾಡಿತು ಅಂತಿಟ್ಟುಕೊ ಮಗಾ. ನಷ್ಟ ಯಾರಿಗೆ?"

"ಕಟ್ಟೆಯಲ್ಲಿ ಕೊಟ್ಟು ರೇಟು ಬರೆದ ಮೇಲೆ ನಮಗಲ್ಲ ಸರ್. ಅಲ್ಲಿಯ ತನಕ ನಮ್ಮದು, ಆಮೇಲೆ ಅವರದ್ದು" ಅಂದಳು. ಒಂದು ಕ್ಷಣ ಬಿಟ್ಟು, "ಆದರೆ ನಾಳೆಯ ರೇಟಿನಲ್ಲಿ ಅದು ಬಂದು ಕೂರ್ತದೆ" ಅಂದಳು.

ದಾರಿಯ ಖರ್ಚು, ನಷ್ಟ ಎಲ್ಲಿಯ ತನಕ ಮಾರುವವನದ್ದು, ಎಲ್ಲಿಂದ ಕೊಳ್ಳುವವನದ್ದು ಅನ್ನುವ ಎಫ್‌ಒಬಿ, ಸಿಐಎಫ್ ಷರತ್ತುಗಳನ್ನು ಹೇಳಿಕೊಡಲು ಎರಡು ಹಾಳೆ ಬರೆದುಕೊಂಡು ಹೋಗಿದ್ದೆ. ಅವು ಚೀಲದಲ್ಲೇ ಉಳಿದವು.